ಹತ್ತು ವರ್ಷದ ಹಿಂದಿನ ಕರಿಬೇವು ಗ್ಲೋಬಲ್ ಎಂಟ್ರಿಗೆ ಅಡ್ಡ ಬರುತ್ತಾ?

ಪ್ರಶ್ನೆ: ನಾನು ಬೆಂಗಳೂರಿನವಳು. ಕಂಪನಿ ಕೆಲಸಕ್ಕೆ ವರ್ಷಕ್ಕೆ ಮೂರು ಸಲ ಅಮೆರಿಕಕ್ಕೆ ಹೋಗುತ್ತೇನೆ. ಇಮಿಗ್ರೇಷನ್ ಸಾಲಿನಲ್ಲಿ ನಿಂತು ನಿಂತು ಸಾಕಾಗಿ, ಬೇಗ ಒಳಗೆ ಬಿಡುವ ಗ್ಲೋಬಲ್ ಎಂಟ್ರಿ ಎಂಬ ಅಮೆರಿಕದ ಯೋಜನೆಗೆ ಅರ್ಜಿ ಹಾಕಿದೆ. ತಿರಸ್ಕಾರವಾಯಿತು. ಅರ್ಹತೆಗೆ ಸರಿಹೊಂದುವುದಿಲ್ಲ ಎಂದಷ್ಟೇ ಬರೆದಿದ್ದಾರೆ. ನನ್ನ ಮೇಲೆ ಯಾವ ಕೇಸೂ ಇಲ್ಲ. 2016ರಲ್ಲಿ ಅಕ್ಕನ ಮನೆಗೆ ಹೋದಾಗ ಅಮ್ಮ ಬ್ಯಾಗಿನಲ್ಲಿ ಕರಿಬೇವಿನ ಕಟ್ಟು ಇಟ್ಟಿದ್ದರು. ಏರ್‌ಪೋರ್ಟಿನಲ್ಲಿ ಸಿಕ್ಕಿಬಿತ್ತು, 300 ಡಾಲರ್ ದಂಡ ಕಟ್ಟಿದ್ದೆ. ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ. ಕಾರಣ ಅದೇನಾ? ಈಗ ಏನು ಮಾಡಲಿ? ವೀಸಾಕ್ಕೂ ತೊಂದರೆ ಆಗುತ್ತಾ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಬರುತ್ತೇನೆ. ನಿಮಗೆ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಗ್ಲೋಬಲ್ ಎಂಟ್ರಿ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ವೀಸಾ ರದ್ದಾಗುವುದಿಲ್ಲ. ಮುಂದಿನ ಸಲ ನೀವು ಎಲ್ಲರ ಜೊತೆ ಮಾಮೂಲಿ ಸಾಲಿನಲ್ಲಿ ನಿಲ್ಲುತ್ತೀರಿ, ಅಷ್ಟೇ. ದೇಶದೊಳಗೆ ಬಿಡುವುದು ಬೇರೆ, ಬೇಗ ಬಿಡುವುದು ಬೇರೆ. ನಿಮಗೆ ಇಲ್ಲ ಅಂದಿರುವುದು ಎರಡನೆಯದಕ್ಕೆ ಮಾತ್ರ.

ಇನ್ನು ಕರಿಬೇವು. ಹೌದು, ಕಾರಣ ಅದೇ ಇರುವ ಸಾಧ್ಯತೆ ಬಹಳ ಇದೆ. ಆದರೆ ನನ್ನ ಲೆಕ್ಕದಲ್ಲಿ ಕರಿಬೇವಿಗಿಂತ ದೊಡ್ಡ ಕಾರಣ, ಅದನ್ನು ನೀವು ಅರ್ಜಿಯಲ್ಲಿ ಬರೆಯದೇ ಹೋದದ್ದು.

ಗ್ಲೋಬಲ್ ಎಂಟ್ರಿ ನಡೆಸುವುದು ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ಇಲಾಖೆ. ಎಲ್ಲರೂ ಸಿಬಿಪಿ ಅನ್ನುತ್ತಾರೆ. 2008ರಲ್ಲಿ ಪ್ರಯೋಗವಾಗಿ ಶುರುವಾಯಿತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬಾಗಿಲು ತೆರೆದದ್ದು 2017ರ ಜುಲೈನಲ್ಲಿ. ಆಗ ಅಮೆರಿಕದಲ್ಲಿ ನಮ್ಮ ರಾಯಭಾರಿಯಾಗಿದ್ದ ನವತೇಜ್ ಸರ್ನಾ ಅವರೇ ಮೊದಲ ಭಾರತೀಯ ಸದಸ್ಯ. ಐದು ವರ್ಷದ ಸದಸ್ಯತ್ವ. ಶುಲ್ಕ ಮೊದಲು 100 ಡಾಲರ್ ಇತ್ತು, 2024ರ ಅಕ್ಟೋಬರ್‌ನಿಂದ 120 ಆಗಿದೆ. ಅರ್ಜಿ ತಿರಸ್ಕಾರವಾದರೆ ಈ ಹಣ ವಾಪಸ್ ಬರುವುದಿಲ್ಲ.

ಜಾಸ್ತಿ ಜನ ಇದನ್ನು ಪಾಸ್‌ಪೋರ್ಟ್ ಅರ್ಜಿಯ ಹಾಗೆ ಅಂದುಕೊಳ್ಳುತ್ತಾರೆ. ನಾನು ತಪ್ಪು ಮಾಡಿಲ್ಲ, ನನಗೆ ಸಿಗಲೇಬೇಕು ಅಂತ. ಇದು ಆ ಥರದ್ದಲ್ಲ. ಪಾಸ್‌ಪೋರ್ಟ್ ಕೊಡದಿರಲು ಸರ್ಕಾರ ಕಾರಣ ತೋರಿಸಬೇಕು. ಇಲ್ಲಿ ‘ಇವರಿಂದ ಅಪಾಯ ಕಡಿಮೆ’ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಆಗದಿದ್ದರೆ ಅದೇ ಸಾಕು, ಬೇರೆ ಕಾರಣ ಬೇಕಿಲ್ಲ. ನಿಮ್ಮನ್ನು ತಪಾಸಣೆ ಇಲ್ಲದೆ ಹೆಚ್ಚುಕಡಿಮೆ ಮುಖ ನೋಡಿ ಒಳಗೆ ಬಿಡಬೇಕು ಅಲ್ವಾ? ಹಾಗಾದರೆ ಅವರು ನಿಮ್ಮ ಮಾತನ್ನೇ ನಂಬಬೇಕು. ಆ ನಂಬಿಕೆಗೆ ಅವರ ಕೈಯಲ್ಲಿ ಇರುವ ಮೊದಲ ಸಾಕ್ಷಿ ನಿಮ್ಮ ಅರ್ಜಿಯೇ.

ಯಾರಿಗೆ ಸಿಗದಿರಬಹುದು ಎಂದು ಸಿಬಿಪಿ ತಾನೇ ಹೇಳಿದೆ. ಅರ್ಜಿಯಲ್ಲಿ ಸುಳ್ಳು ಅಥವಾ ಅರ್ಧಂಬರ್ಧ ಮಾಹಿತಿ ಕೊಟ್ಟವರು. ಯಾವುದೇ ದೇಶದಲ್ಲಿ ಅಪರಾಧಕ್ಕೆ ಶಿಕ್ಷೆಯಾದವರು, ಕೇಸು ಬಾಕಿ ಇರುವವರು. ಕುಡಿದು ಗಾಡಿ ಓಡಿಸಿದ್ದೂ ಇದರಲ್ಲಿ ಸೇರುತ್ತದೆ. ತನಿಖೆ ನಡೆಯುತ್ತಿರುವವರು. ಅಮೆರಿಕದ ವಲಸೆ ಕಾನೂನಿನ ಪ್ರಕಾರ ಪ್ರವೇಶಕ್ಕೆ ಅನರ್ಹರಾದವರು, ವಿನಾಯಿತಿ ಪಡೆದಿದ್ದರೂ ಸಹ. ಮತ್ತೆ ಯಾವುದೇ ದೇಶದ ಕಸ್ಟಮ್ಸ್, ವಲಸೆ ಅಥವಾ ಕೃಷಿ ನಿಯಮ ಮುರಿದವರು.

ಆ ಕೊನೆಯ ‘ಕೃಷಿ’ ಎಂಬ ಪದ ನೋಡಿ. ನಮ್ಮವರು ಸಿಕ್ಕಿಬೀಳುವುದು ಅಲ್ಲೇ.

ಕರಿಬೇವಿನ ಎರಡು ಎಸಳಿಗೆ ಇಷ್ಟು ರಂಪ ಯಾಕೆ ಅಂತ ನಿಮಗೆ ಅನ್ನಿಸಿರುತ್ತದೆ. ಆದರೆ ಅದಕ್ಕೆ ಗಟ್ಟಿ ಕಾರಣವಿದೆ. ಕರಿಬೇವಿನ ಗಿಡ ಕಿತ್ತಳೆ, ನಿಂಬೆ ಗಿಡಗಳ ಕುಟುಂಬಕ್ಕೇ ಸೇರಿದ್ದು. ಒಂದು ಸಣ್ಣ ಜಿಗಿಹುಳು ಎರಡರ ಮೇಲೂ ಬದುಕುತ್ತದೆ. ಅದು ಹರಡುವ ಗ್ರೀನಿಂಗ್ ರೋಗ 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಕಿತ್ತಳೆ ತೋಟಗಳನ್ನು ಬಹುಪಾಲು ಹಾಳು ಮಾಡಿತು. ಮರಕ್ಕೆ ಒಮ್ಮೆ ಹಿಡಿದರೆ ವಾಸಿ ಮಾಡುವ ಔಷಧಿ ಇಲ್ಲ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಕಿತ್ತಳೆ ಕಡಿಮೆಯಾಗಲು ಇದೇ ರೋಗವೂ ಒಂದು ಕಾರಣ. ಎಲೆಯ ಹಿಂಭಾಗದಲ್ಲಿ ನಾಲ್ಕು ಮೊಟ್ಟೆ ಇದ್ದರೂ ಅವರಿಗೆ ಭಯ. ಅಮ್ಮ ಪ್ರೀತಿಯಿಂದ ಕಟ್ಟಿ ಇಟ್ಟದ್ದು ನಿಜ. ಅವರ ಭಯವೂ ನಿಜ.

ಮಾವಿನಹಣ್ಣಿಗೂ ಇದೇ ಕಥೆ. ನಮ್ಮ ಮಾವು ಅಮೆರಿಕಕ್ಕೆ ಹೋಗುವುದೇ ಇಲ್ಲ ಅಂತಲ್ಲ. 2007ರಿಂದ ವ್ಯಾಪಾರಕ್ಕೆ ಹೋಗುತ್ತಿದೆ. ಆದರೆ ಹುಳು ಉಳಿಯದ ಹಾಗೆ ವಿಕಿರಣಕ್ಕೆ ಒಡ್ಡಿ ಕಳಿಸುತ್ತಾರೆ. ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಂಥ ಘಟಕ ಇದೆ. ನಮ್ಮ ಬ್ಯಾಗಿನ ಹಣ್ಣಿಗೆ ಅದು ಆಗಿರುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ದಂಡ ಬಿದ್ದದ್ದು ಕರಿಬೇವು ತಂದದ್ದಕ್ಕಲ್ಲ, ಹೇಳದೆ ತಂದದ್ದಕ್ಕೆ. ‘ನನ್ನ ಹತ್ತಿರ ಸೊಪ್ಪು ಇದೆ, ನೋಡಿ’ ಎಂದು ಮೊದಲೇ ಹೇಳಿದ್ದರೆ ಕಿತ್ತುಕೊಂಡು ಕಸಕ್ಕೆ ಹಾಕುತ್ತಿದ್ದರು. ಹೇಳಿದವರಿಗೆ ದಂಡ ಇಲ್ಲ. ಹೇಳದವರಿಗೆ, ಅದೂ ಸ್ವಂತಕ್ಕೆ ತಂದದ್ದಾದರೆ, ಮೊದಲ ಸಲಕ್ಕೆ ಸಾಮಾನ್ಯವಾಗಿ 300 ಡಾಲರ್. ಎರಡನೇ ಸಲಕ್ಕೆ 500. ನೀವು ಕಟ್ಟಿದ್ದು ಮೊದಲ ಸಲದ ದಂಡ.

ಆ ದಂಡದ ದಾಖಲೆ ಅವರ ಕಂಪ್ಯೂಟರಿನಲ್ಲಿ ಇದೆ. ಹತ್ತು ವರ್ಷ ಕಳೆದರೂ ಇರುತ್ತದೆ. ಗ್ಲೋಬಲ್ ಎಂಟ್ರಿ ಅರ್ಜಿಯಲ್ಲಿ ‘ನೀವು ಎಂದಾದರೂ ಕಸ್ಟಮ್ಸ್ ನಿಯಮ ಮುರಿದದ್ದು ಕಂಡುಬಂದಿದೆಯೇ’ ಎಂಬ ಪ್ರಶ್ನೆ ಇರುತ್ತದೆ. ನೀವು ‘ಇಲ್ಲ’ ಎಂದು ಒತ್ತಿದಿರಿ. ಅಧಿಕಾರಿಯ ಎದುರಿಗೆ ಎರಡೂ ಒಟ್ಟಿಗೆ ಬಂದಿರುತ್ತವೆ, ನಿಮ್ಮ ‘ಇಲ್ಲ’ ಮತ್ತು 2016ರ ರಸೀದಿ. ನಿಮಗೆ ಅದು ಬಸ್ಸಿನಲ್ಲಿ ಟಿಕೆಟ್ ತೆಗೆಯದೆ ಕಟ್ಟಿದ ದಂಡದಷ್ಟು ಸಣ್ಣದಾಗಿ ಕಂಡಿತ್ತು. ಅಪರಾಧ ಅಂದರೆ ಪೊಲೀಸು, ಕೋರ್ಟು ಅಂದುಕೊಂಡಿದ್ದಿರಿ. ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಅಧಿಕಾರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ, ನೀವು ಬರೆದದ್ದು ಮಾತ್ರ ಕಾಣುತ್ತದೆ.

ಈಗ ಏನು ಮಾಡಬೇಕು? ಮರುಪರಿಶೀಲನೆ ಕೇಳಿ. ಅರ್ಜಿ ಹಾಕಿದ ಅದೇ ಜಾಲತಾಣದಲ್ಲಿ ನಿಮ್ಮ ಖಾತೆಗೆ ಹೋದರೆ ಅದಕ್ಕೆ ಗುಂಡಿ ಇದೆ. ಅದಕ್ಕೆ ಮತ್ತೆ ಶುಲ್ಕ ಇಲ್ಲ. ಮನವಿಯನ್ನು ಸಿಬಿಪಿಯ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಕಚೇರಿ ನೋಡುತ್ತದೆ.

ಪತ್ರ ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಬಹಳ ನಿಂತಿದೆ. ಉದ್ದ ಬೇಡ, ಒಂದು ಪುಟ ಸಾಕು. ‘ನಾನು ಇಷ್ಟು ವರ್ಷದಿಂದ ತೆರಿಗೆ ಕಟ್ಟುತ್ತೇನೆ, ದೊಡ್ಡ ಕಂಪನಿಯಲ್ಲಿ ಇದ್ದೇನೆ’ ಎಂದು ಶುರು ಮಾಡಬೇಡಿ. ತಿರಸ್ಕಾರದ ಪತ್ರದ ತಾರೀಕು, ಅದರಲ್ಲಿ ಕೊಟ್ಟ ಕಾರಣ ಮೊದಲು ಬರೆಯಿರಿ. ಆಮೇಲೆ ನೇರವಾಗಿ ವಿಷಯಕ್ಕೆ ಬನ್ನಿ: ಯಾವ ದಿನ, ಯಾವ ಏರ್‌ಪೋರ್ಟ್, ಬ್ಯಾಗಿನಲ್ಲಿ ಏನಿತ್ತು, ಎಷ್ಟು ದಂಡ, ಯಾವಾಗ ಕಟ್ಟಿದಿರಿ. ರಸೀದಿ ಇದ್ದರೆ ಲಗತ್ತಿಸಿ. ಆಮೇಲೆ ಅರ್ಜಿಯ ಬಗ್ಗೆ. ಅದು ಕಸ್ಟಮ್ಸ್ ಉಲ್ಲಂಘನೆಯ ಲೆಕ್ಕಕ್ಕೆ ಬರುತ್ತದೆ ಎಂದು ನಿಮಗೆ ನಿಜವಾಗಿ ಗೊತ್ತಿರಲಿಲ್ಲವಾದರೆ ಹಾಗೇ ಬರೆಯಿರಿ. ಗೊತ್ತಿದ್ದೂ ಬಿಟ್ಟಿದ್ದರೆ ಅದನ್ನೂ ಒಪ್ಪಿಕೊಳ್ಳಿ. ಅಲ್ಲಿಂದ ಈಚೆಗೆ ಎಷ್ಟು ಸಲ ಹೋಗಿ ಬಂದಿದ್ದೀರಿ, ಒಮ್ಮೆಯೂ ತೊಂದರೆ ಆಗಿಲ್ಲ ಎಂಬುದನ್ನು ಕೊನೆಗೆ ಒಂದು ಸಾಲಿನಲ್ಲಿ ಹೇಳಿ. ಎಲ್ಲಕ್ಕಿಂತ ಮುಖ್ಯ, ತಪ್ಪನ್ನು ಅಮ್ಮನ ಮೇಲೆ ಹಾಕಬೇಡಿ. ಬ್ಯಾಗು ನಿಮ್ಮ ಹೆಸರಿನಲ್ಲಿತ್ತು.

ಖಂಡಿತ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಯಾರೂ ಕೊಡಲಾರರು. ‘ಹಣ ಕೊಡಿ, ಮಾಡಿಸಿಕೊಡುತ್ತೇವೆ’ ಅನ್ನುವ ಏಜೆಂಟರನ್ನು ದಯವಿಟ್ಟು ದೂರ ಇಡಿ. ಅಧಿಕೃತ ತಾಣದ ಥರವೇ ಕಾಣುವ ನಕಲಿ ತಾಣಗಳೂ ಇವೆ, ಹುಷಾರು. ಆದರೆ ಒಂದು ಹಳೆಯ ದಂಡ ಇದ್ದವರಿಗೆ ಬಾಗಿಲು ಶಾಶ್ವತವಾಗಿ ಮುಚ್ಚಿತು ಎಂದು ನಿಯಮ ಎಲ್ಲೂ ಹೇಳುವುದಿಲ್ಲ. ಅಧಿಕಾರಿಯ ವಿವೇಚನೆಗೆ ಬಿಟ್ಟಿದೆ. ಮರುಪರಿಶೀಲನೆಯಲ್ಲೂ ಆಗದಿದ್ದರೆ ಮತ್ತೆ ಹೊಸ ಅರ್ಜಿ ಹಾಕಬಹುದು. ಆಗ 120 ಡಾಲರ್ ಮತ್ತೆ ಕಟ್ಟಬೇಕು. ಆ ಪ್ರಶ್ನೆಗೆ ಈ ಸಲ ‘ಹೌದು’ ಎಂದು ಒತ್ತಬೇಕು.

ನಿಜವಾದ ಕಾರಣ ಕರಿಬೇವು ಅಲ್ಲದೆಯೂ ಇರಬಹುದು. ನಮ್ಮ ಕಡೆಯವರಿಗೆ ಹೆಸರಿನ ಗೋಜಲು ಒಂದಿದೆ. ನಮ್ಮಲ್ಲಿ ಇನಿಷಿಯಲ್ ಮುಂದೆ ಬರುತ್ತದೆ. ಊರು, ಅಪ್ಪನ ಹೆಸರು, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಕೆಲವರಿಗೆ ಖಾಲಿ. ಅಂಥವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಒಂದೊಂದು ಕಾಗದದಲ್ಲಿ ಒಂದೊಂದು ಥರ ಹೆಸರಿದ್ದರೆ ಇನ್ಯಾರದೋ ದಾಖಲೆಗೆ ನೀವು ಅಂಟಿಕೊಳ್ಳಬಹುದು. ಅಂಥ ಅನುಮಾನ ಇದ್ದರೆ ಅಮೆರಿಕದ ಗೃಹ ಭದ್ರತಾ ಇಲಾಖೆಯ ಟ್ರಿಪ್ ಎಂಬ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ಹಾಗೇ, ನಮ್ಮ ಆರ್‌ಟಿಐ ಥರದ ಕಾನೂನು ಅಲ್ಲೂ ಇದೆ, ಫೋಯಾ ಅನ್ನುತ್ತಾರೆ. ನಿಮ್ಮ ಬಗ್ಗೆ ಸಿಬಿಪಿ ಹತ್ತಿರ ಏನು ದಾಖಲೆ ಇದೆ ಎಂದು ಅದರಲ್ಲಿ ಕೇಳಬಹುದು. ಸಮಯ ಹಿಡಿಯುತ್ತದೆ, ಆದರೆ ಊಹೆ ಮಾಡುತ್ತಾ ಕೂರುವುದು ತಪ್ಪುತ್ತದೆ.

ಇನ್ನೊಂದು, ನಮ್ಮ ಊರಿನ ಕಡೆಯ ತಪಾಸಣೆ. ಗ್ರೀನ್ ಕಾರ್ಡ್ ಇಲ್ಲದ ಭಾರತೀಯರಿಗೆ ಅಮೆರಿಕದ ಅರ್ಜಿ ಒಂದೇ ಸಾಲದು. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಗ್ಲೋಬಲ್ ಎಂಟ್ರಿಗಾಗಿ ಬೇರೆ ಹಿನ್ನೆಲೆ ಪರಿಶೀಲನೆಯ ಅರ್ಜಿ ಹಾಕಬೇಕು. ಪೊಲೀಸ್ ವೆರಿಫಿಕೇಷನ್ ಆಗುತ್ತದೆ. ನೀವು ಇದನ್ನು ಮುಗಿಸಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ. ಅರ್ಜಿಯಲ್ಲಿ ಕೊಟ್ಟ ವಿಳಾಸ ಒಂದು, ನೀವು ಬಾಡಿಗೆಗೆ ಇರುವ ಮನೆ ಇನ್ನೊಂದು ಆದರೆ ಅಲ್ಲೇ ತೊಡಕು. ಕಾಲೇಜಿನ ದಿನಗಳಲ್ಲಿ ಯಾವುದೋ ಗಲಾಟೆಯಲ್ಲಿ ಎಫ್‌ಐಆರ್‌ನಲ್ಲಿ ಹೆಸರು ಸೇರಿದ್ದು, ಅದು ಮುಗಿದೇ ಹೋಯಿತು ಅಂದುಕೊಂಡಿರುವವರೂ ಇರುತ್ತಾರೆ. ಮುಗಿದಿದ್ದರೆ ಕೋರ್ಟಿನ ಆದೇಶದ ಪ್ರತಿ ತೆಗೆದಿಟ್ಟುಕೊಳ್ಳಿ. ಖುಲಾಸೆಯಾದ ಕೇಸಿಗೂ ಅವರು ಕಾಗದ ಕೇಳುತ್ತಾರೆ.

ಕೋರ್ಟಿಗೆ ಹೋದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಹೋದವರಿದ್ದಾರೆ. 2014ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು ಇದು ಪೂರ್ತಿ ಇಲಾಖೆಗೆ ಬಿಟ್ಟದ್ದು, ನಾವು ಕೈ ಹಾಕುವುದಿಲ್ಲ ಅಂದಿತು. 2024ರಲ್ಲಿ ಕ್ಯಾಲಿಫೋರ್ನಿಯಾ ಕಡೆಯ ರಾಜ್ಯಗಳಿಗೆ ಸೇರಿದ ಇನ್ನೊಂದು ಮೇಲ್ಮನವಿ ಕೋರ್ಟು ಬೇರೆ ಥರ ಹೇಳಿತು. ಇಲಾಖೆ ತನ್ನದೇ ನಿಯಮವನ್ನು ಸರಿಯಾಗಿ ಪಾಲಿಸಿದೆಯೇ ಎಂದು ಕೋರ್ಟು ನೋಡಬಹುದು ಎಂದಿತು. ನನಗೆ ಎರಡನೆಯದೇ ನ್ಯಾಯ ಅನ್ನಿಸುತ್ತದೆ. ವಿವೇಚನೆ ಇರಲಿ, ಆದರೆ ಯಾಕೆ ಇಲ್ಲ ಅಂದಿರಿ ಎಂದು ಕೇಳುವ ಜಾಗವೂ ಇರಬೇಕು. ನಿಮ್ಮ ವಿಷಯಕ್ಕೆ ಮಾತ್ರ ಕೋರ್ಟು ಬೇಡ. ಲಾಯರ್ ಫೀಸಿನ ಮುಂದೆ ಸಾಲಿನಲ್ಲಿ ನಿಲ್ಲುವುದು ಎಷ್ಟೋ ಮೇಲು.

ಮರುಪರಿಶೀಲನೆಯಲ್ಲಿ ಒಪ್ಪಿದರೆ ಕಂಡಿಷನಲ್ ಅಪ್ರೂವಲ್, ಅಂದರೆ ಷರತ್ತಿನ ಒಪ್ಪಿಗೆ ಬರುತ್ತದೆ. ಅದಾದ ಮೇಲೆ ಒಂದು ಸಂದರ್ಶನ ಇರುತ್ತದೆ, ಅದನ್ನು 730 ದಿನದೊಳಗೆ ಮುಗಿಸಬೇಕು. ಅದಕ್ಕೆಂದೇ ಪ್ರತ್ಯೇಕವಾಗಿ ಹೋಗಬೇಕಿಲ್ಲ. ನೀವು ಹೇಗೂ ಅಮೆರಿಕಕ್ಕೆ ಹೋಗುತ್ತೀರಿ. ಹಲವು ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಇಳಿದ ಕೂಡಲೇ ಅಲ್ಲೇ ಸಂದರ್ಶನ ಮುಗಿಸುವ ಏರ್ಪಾಡಿದೆ. ಅಲ್ಲಿಯೂ ಕರಿಬೇವಿನ ಪ್ರಶ್ನೆ ಬರಬಹುದು. ಪತ್ರದಲ್ಲಿ ಬರೆದದ್ದನ್ನೇ ಬಾಯಲ್ಲೂ ಹೇಳಿ.

ಸದಸ್ಯತ್ವ ಬಂದ ಮೇಲೂ ಮೈಮರೆಯಬೇಡಿ. ಸದಸ್ಯರ ಹೆಸರನ್ನು ಸಿಬಿಪಿ ಪ್ರತಿ 24 ಗಂಟೆಗೊಮ್ಮೆ ದಾಖಲೆಗಳ ಜೊತೆ ತಾಳೆ ನೋಡುತ್ತದೆ. ಕಾರ್ಡು ಇದೆ ಎಂದು ಸುಮ್ನೆ ಹೊರಗೆ ನಡೆದು ಬಂದು, ಬ್ಯಾಗಿನಲ್ಲಿ ಒಂದು ಹಣ್ಣು ಸಿಕ್ಕರೆ ಸದಸ್ಯತ್ವವನ್ನೇ ಕಿತ್ತುಕೊಳ್ಳಬಹುದು. ವಿಮಾನದಲ್ಲಿ ಕೊಟ್ಟ ಸೇಬು ಕೈಚೀಲದಲ್ಲಿ ಉಳಿದಿದ್ದರೂ ಹೇಳಬೇಕು. 10,000 ಡಾಲರ್‌ಗಿಂತ ಜಾಸ್ತಿ ನಗದು ಇದ್ದರೂ ಹೇಳಬೇಕು. ತರುವುದು ತಪ್ಪಲ್ಲ, ಹೇಳದಿರುವುದು ತಪ್ಪು.

ಅಷ್ಟರವರೆಗೆ ನಮ್ಮ ಕಡೆಯ ಸಾಲನ್ನಾದರೂ ಕಡಿಮೆ ಮಾಡಿಕೊಳ್ಳಬಹುದು. ಭಾರತದ ಗೃಹ ಇಲಾಖೆ ಇಂಥದ್ದೇ ಒಂದು ವ್ಯವಸ್ಥೆ ಮಾಡಿದೆ, ಎಫ್‌ಟಿಐ-ಟಿಟಿಪಿ ಎಂದು ಹೆಸರು. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಯಿತು. 2025ರ ಜನವರಿಯಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು, ಒಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಕೊಡುವುದು) ಇರುವವರು ಸೇರಬಹುದು. ಆನ್‌ಲೈನ್ ಅರ್ಜಿ, ಪರಿಶೀಲನೆ, ಆಮೇಲೆ ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಬೇಕು. ನೋಂದಣಿ ಐದು ವರ್ಷ, ಅಥವಾ ಪಾಸ್‌ಪೋರ್ಟ್ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅದು. ಇದು ಅಮೆರಿಕದ್ದಕ್ಕಿಂತ ಬೇರೆಯೇ ವ್ಯವಸ್ಥೆ. ಇಲ್ಲಿನ ಅರ್ಜಿಯಲ್ಲೂ ವಿಷಯ ಮುಚ್ಚಿಟ್ಟರೆ ತಿರಸ್ಕರಿಸುತ್ತಾರೆ, ಅದೊಂದು ನೆನಪಿರಲಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನಿಮ್ಮದನ್ನು ಇವತ್ತೇ ತೆಗೆದು ನೋಡಿ.