ಬ್ಯಾಕ್ಟೀರಿಯಾ ಒಳಹೊಕ್ಕ ಮೊದಲ ಗಂಟೆಗಳು: ಸಹಜ ರೋಗನಿರೋಧಕತೆಯ ಟಿಪ್ಪಣಿ

ಮೊದಲು ಒಂದು ಲೆಕ್ಕ. ಅನುಕೂಲ ಸ್ಥಿತಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ತಡೆಯುವವರಿಲ್ಲದಿದ್ದರೆ ಒಂದೇ ಕೋಶ 12 ಗಂಟೆಗಳಲ್ಲಿ 36 ಬಾರಿ ದುಪ್ಪಟ್ಟಾಗಿ 6,800 ಕೋಟಿ ದಾಟುತ್ತದೆ. ಹೊಸ ರೋಗಾಣುವಿಗೆ ತಕ್ಕ ಪ್ರತಿಕಾಯ ತಯಾರಾಗಲು ಹಲವು ದಿನಗಳೇ ಬೇಕು. ಆ ನಡುವಿನ ಅವಧಿಯಲ್ಲಿ ದೇಹವನ್ನು ಕಾಯುವುದೇ ಸಹಜ ರೋಗನಿರೋಧಕತೆಯ ಕೆಲಸ.

ಚರ್ಮ, ಲೋಳೆ, ಜಠರದ ಆಮ್ಲ ಎಲ್ಲರಿಗೂ ಗೊತ್ತಿರುವ ತಡೆಗಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಕಣ್ಣೀರಿನಲ್ಲೂ ಜೊಲ್ಲಿನಲ್ಲೂ ಇರುವ ಲೈಸೋಜೈಮ್ ಮಾತ್ರ ನೆನಪಿರಲಿ. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ವರದಿ ಮಾಡಿದ ಈ ಕಿಣ್ವ ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿರುವ ಪೆಪ್ಟಿಡೋಗ್ಲೈಕನ್ ಅನ್ನು ಕತ್ತರಿಸುತ್ತದೆ. ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಕೋಶಭಿತ್ತಿಯ ಮೇಲೆ ಹೊರಪೊರೆಯ ರಕ್ಷಣೆ ಇರುವುದರಿಂದ ಅವುಗಳ ಮುಂದೆ ಇದರ ಆಟ ಅಷ್ಟಾಗಿ ನಡೆಯದು.

ಮುಳ್ಳು ಚುಚ್ಚಿ ಚರ್ಮ ಸೀಳಿತು ಎನ್ನಿ. ಅಂಗಾಂಶದಲ್ಲಿ ಮೊದಲೇ ಬೀಡುಬಿಟ್ಟಿರುವ, ರೋಗಾಣುಗಳನ್ನು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಹಿಂದೆಂದೂ ಕಾಣದ ಶತ್ರುವನ್ನು ಗುರುತಿಸುವುದು ಹೇಗೆ? ಅವು ಹುಡುಕುವುದು ಬ್ಯಾಕ್ಟೀರಿಯಾಗಳು ಸುಲಭವಾಗಿ ಬಿಟ್ಟುಕೊಡಲಾಗದ ಭಾಗಗಳನ್ನು. ಟಿಎಲ್‌ಆರ್ (ಟೋಲ್-ಲೈಕ್ ರಿಸೆಪ್ಟರ್) ಎಂಬ ಗ್ರಾಹಕ ಪ್ರೋಟೀನ್‌ಗಳಲ್ಲಿ ಟಿಎಲ್‌ಆರ್-4 ಗ್ರಾಂ-ನೆಗೆಟಿವ್ ಹೊರಪೊರೆಯ ಲಿಪೋಪಾಲಿಸ್ಯಾಕರೈಡನ್ನು ಪತ್ತೆಹಚ್ಚಿದರೆ, ಟಿಎಲ್‌ಆರ್-5 ಈಜಲು ನೆರವಾಗುವ ಬಾಲದಂಥ ಕಶಾಂಗದ ಪ್ರೋಟೀನಾದ ಫ್ಲ್ಯಾಜೆಲಿನ್ ಅನ್ನು ಹಿಡಿಯುತ್ತದೆ. ಚಾಲಾಕಿಗಳೂ ಇವೆ: ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿಯ ಫ್ಲ್ಯಾಜೆಲಿನ್ ಟಿಎಲ್‌ಆರ್-5ರ ಕಣ್ಣಿಗೆ ಬೀಳುವುದೇ ಇಲ್ಲ.

ಇದೇ ಹೊತ್ತಿಗೆ ಪ್ರತಿಕಾಯದ ಹಂಗಿಲ್ಲದೆ ರಕ್ತದಲ್ಲಿರುವ ಪ್ರೋಟೀನ್‌ಗಳ ಗುಂಪಾದ ಕಾಂಪ್ಲಿಮೆಂಟ್ ವ್ಯವಸ್ಥೆಯೂ ಚುರುಕಾಗುತ್ತದೆ. ಅದರ ಸಿ3ಬಿ ತುಣುಕುಗಳು ಬ್ಯಾಕ್ಟೀರಿಯಾದ ಮೈಗೆ ಅಂಟಿ, ಭಕ್ಷಕಕೋಶಗಳಿಗೆ ಹಿಡಿತ ಒದಗಿಸುತ್ತವೆ.

ಮ್ಯಾಕ್ರೋಫೇಜ್‌ಗಳು ಸೂಸುವ ಸೈಟೋಕೈನ್ ಎಂಬ ಸಂಕೇತ ಪ್ರೋಟೀನ್‌ಗಳಿಂದ ರಕ್ತನಾಳದ ಒಳಗೋಡೆಯೇ ಬದಲಾಗುತ್ತದೆ. ನನ್ನ ಮಟ್ಟಿಗೆ ಪಾಠದ ಅತ್ಯಂತ ರೋಚಕ ಭಾಗವಿದು. ರಕ್ತದ ರಭಸದಲ್ಲಿ ಸಾಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕೋಶ ಅಲ್ಲಿನ ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನಿಗೆ ಸಿಕ್ಕಿ, ಬಿಟ್ಟು, ಮತ್ತೆ ಸಿಕ್ಕಿ ಗೋಡೆಗುಂಟ ಉರುಳತೊಡಗುತ್ತದೆ. ಬಳಿಕ ತನ್ನ ಮೈಮೇಲಿನ ಇಂಟೆಗ್ರಿನ್ ಪ್ರೋಟೀನ್‌ಗಳ ಬಲದಿಂದ ಗಟ್ಟಿಯಾಗಿ ಅಂಟಿಕೊಂಡು, ಚಪ್ಪಟೆಯಾಗಿ, ಕೋಶಗಳ ಸಂದಿನಲ್ಲಿ ನುಸುಳಿ ಗಾಯದತ್ತ ಹೊರಡುತ್ತದೆ. ಗಾಯ ಕೆಂಪಾಗಿ ಊದಿಕೊಳ್ಳುವುದು ನಾಳಗಳು ಹಿಗ್ಗಿ ದ್ರವ ಸೋರುವುದರಿಂದ.

ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲಲು ನ್ಯೂಟ್ರೋಫಿಲ್‌ನೊಳಗಿನ ಕಿಣ್ವವಾದ ಎನ್‌ಎಡಿಪಿಎಚ್ ಆಕ್ಸಿಡೇಸ್ ಮೊದಲು ಸೂಪರಾಕ್ಸೈಡ್ ತಯಾರಿಸುತ್ತದೆ. ಅದರಿಂದ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿ ಮೈಲೋಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಹೈಪೋಕ್ಲೋರಸ್ ಆಮ್ಲ ಮಾಡುತ್ತದೆ. ಕೀವಿನ ಹಸಿರು ಛಾಯೆ ಈ ಮೈಲೋಪೆರಾಕ್ಸಿಡೇಸ್‌ನದೇ. ಎನ್‌ಎಡಿಪಿಎಚ್ ಆಕ್ಸಿಡೇಸ್ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಲ್ಲಿ ನ್ಯೂಟ್ರೋಫಿಲ್‌ಗಳು ಬರುತ್ತವೆ, ನುಂಗುತ್ತವೆ, ಆದರೆ ಕೊಲ್ಲಲಾರವು. ಹಾಗಾಗಿ ಸ್ಟೆಫೈಲೋಕಾಕಸ್ ಆರಿಯಸ್‌ನಂಥ ಸೋಂಕು ಅವರನ್ನು ಮತ್ತೆ ಮತ್ತೆ ಕಾಡುತ್ತದೆ.