ಲ್ಯಾಬ್ ರಿಪೋರ್ಟ್ ಸರಿ ಇದೆ, ಕುದುರೆ ಯಾಕೆ ಗಬ್ಬ ನಿಲ್ಲುತ್ತಿಲ್ಲ?

ಹೆಣ್ಣು ಕುದುರೆ ಗಬ್ಬ ನಿಲ್ಲದಿದ್ದರೆ ಮೊದಲ ಅನುಮಾನ ಗರ್ಭಕೋಶದ ಸೋಂಕಿನ ಮೇಲೆ. ಸ್ವಾಬ್ ತೆಗೆದು ಲ್ಯಾಬ್‌ಗೆ ಕಳಿಸಿ, ಯಾವ ಆಂಟಿಬಯಾಟಿಕ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ ಅಂತ ನೋಡುತ್ತಾರೆ. ಆದರೆ ಈ ತೊಂದರೆಗೆ ಸಿಕ್ಕ ಒಂದು ಒಳ್ಳೆಯ ಉಪಾಯದಲ್ಲಿ ಔಷಧಿಯೇ ಇರಲಿಲ್ಲ. 1937ರಲ್ಲಿ ಅಮೆರಿಕದ ಪಶುವೈದ್ಯ ಕ್ಯಾಸ್ಲಿಕ್ ಯೋನಿಯ ಮೇಲಿನ ತುದಿಗೆ ಹೊಲಿಗೆ ಹಾಕುವುದನ್ನು ತಿಳಿಸಿದರು. ಗಾಳಿ, ಲದ್ದಿ ಒಳಗೆ ಹೋಗದಿದ್ದರೆ ಸಾಕು, ಅಷ್ಟೇ. ಆ ಹೊಲಿಗೆ ಇವತ್ತಿಗೂ ಬಳಕೆಯಲ್ಲಿದೆ.

ಆಮೇಲೆ ಪೆನಿಸಿಲಿನ್ ಬಂತು. ಈ ಸೋಂಕಿನಲ್ಲಿ ಹೆಚ್ಚಾಗಿ ಸಿಗುವ ಸ್ಟ್ರೆಪ್ಟೊಕಾಕಸ್ ಝೂಎಪಿಡೆಮಿಕಸ್ ಅನ್ನುವ ಬ್ಯಾಕ್ಟೀರಿಯಾ ಈಗಲೂ ಬಹುತೇಕ ಅದಕ್ಕೆ ಬಗ್ಗುತ್ತದೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾಗಳು ಹಾಗಲ್ಲ. ಅವುಗಳಿಗೆ ಯಾವ ಔಷಧಿ ಹಿಡಿಯುತ್ತದೆ ಅಂತ ಟೆಸ್ಟ್ ಮಾಡದೆ ಹೇಳುವುದು ಕಷ್ಟ.

1969ರಲ್ಲಿ ಹ್ಯೂಸ್ ಮತ್ತು ಲಾಯ್ ಅನ್ನುವವರು ಕುದುರೆಗಳ ಗರ್ಭಕೋಶಕ್ಕೆ ಬೇಕಂತಲೇ ಬ್ಯಾಕ್ಟೀರಿಯಾ ಹಾಕಿ ನೋಡಿದರು. ಎಳೆಯ, ಆರೋಗ್ಯವಂತ ಕುದುರೆಗಳು ತಾವೇ ಅದನ್ನು ಹೊರಹಾಕಿದವು. ಗಬ್ಬ ನಿಲ್ಲದ ಹಳೆಯ ಕುದುರೆಗಳಿಗೆ ಆಗಲಿಲ್ಲ. ಬ್ಯಾಕ್ಟೀರಿಯಾ ಒಂದೇ, ಗರ್ಭಕೋಶ ಬೇರೆ. ನನ್ನ ಪ್ರಕಾರ ಈ ಕಥೆ ತಿರುಗಿದ್ದು ಇಲ್ಲೇ.

1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಇನ್ನೊಂದು ಪಾಠ ಶುರುವಾಯಿತು. ಬೀಜದ ಕುದುರೆಗಳಿಂದ ಹರಡುವ ಹೊಸ ಸೋಂಕು ಅದು, ಟೇಲರೆಲ್ಲಾ ಅನ್ನುವ ಬ್ಯಾಕ್ಟೀರಿಯಾದ್ದು. ಮರುವರ್ಷ ಅಮೆರಿಕದ ಕೆಂಟಕಿಗೂ ಹೋಯಿತು. ಆ ಬ್ಯಾಕ್ಟೀರಿಯಾದ ಮೊದಲು ಸಿಕ್ಕ ತಳಿ ಸ್ಟ್ರೆಪ್ಟೊಮೈಸಿನ್ ಅನ್ನುವ ಆಂಟಿಬಯಾಟಿಕ್‌ಗೆ ಜಗ್ಗುತ್ತಿರಲಿಲ್ಲ. ಬೇರೆ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಲ್ಯಾಬ್‌ನವರು ಬ್ಯಾಕ್ಟೀರಿಯಾ ಬೆಳೆಸುವ ಕಲ್ಚರ್ ಪ್ಲೇಟಿಗೆ ಅದೇ ಔಷಧಿ ಬೆರೆಸಿದರು. ಆದರೆ ಅದಕ್ಕೆ ಸಾಯುವ ತಳಿಗಳೂ ಇದ್ದವು! ಅಂಥವು ಆ ಪ್ಲೇಟಿನಲ್ಲಿ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಹಾಗಾಗಿ ಈಗ ಔಷಧಿ ಬೆರೆಸದ ಪ್ಲೇಟನ್ನೂ ಇಡುತ್ತಾರೆ.

ಪ್ಲೇಟಿನಲ್ಲಿ ಸತ್ತದ್ದು ಗರ್ಭಕೋಶದಲ್ಲೂ ಸಾಯಬೇಕು ಅಂತಿಲ್ಲ. ಕೀವು ತುಂಬಿದ್ದರೆ ಜೆಂಟಾಮೈಸಿನ್ ಅನ್ನುವ ಆಂಟಿಬಯಾಟಿಕ್‌ನ ಶಕ್ತಿ ಕುಗ್ಗುತ್ತದೆ. ಕೆಲವು ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಅಡಗುತ್ತವೆ. ಅದಕ್ಕೇ ಮೊದಲು ಸಲೈನ್‌ನಿಂದ ತೊಳೆಯುತ್ತಾರೆ, ಉಳಿದ ನೀರನ್ನು ಗರ್ಭಕೋಶ ಹೊರದೂಡಲಿ ಅಂತ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಕೊಡುತ್ತಾರೆ.

ಇನ್ನೊಂದು ವಿಷಯ: ಗಂಡಿನ ವೀರ್ಯ ಒಳಗೆ ಬಿದ್ದರೆ ಸಾಕು, ಬ್ಯಾಕ್ಟೀರಿಯಾ ಇಲ್ಲದಿದ್ದರೂ ಗರ್ಭಕೋಶ ಊದಿಕೊಳ್ಳುತ್ತದೆ. ಚೆನ್ನಾಗಿರುವ ಕುದುರೆಯಲ್ಲಿ ಅದು ಎರಡು ದಿನದೊಳಗೆ ಇಳಿಯುತ್ತದೆ. ಭ್ರೂಣ ಗರ್ಭಕೋಶಕ್ಕೆ ಇಳಿಯುವುದು ಅಂಡ ಬಿಡುಗಡೆಯಾದ ಸುಮಾರು ಆರನೇ ದಿನಕ್ಕೆ. ಅಷ್ಟರೊಳಗೆ ಒಳಗಿನ ನೀರೆಲ್ಲ ಖಾಲಿಯಾಗಿರಬೇಕು.