ಐರ್ಲೆಂಡ್ ಅಧ್ಯಕ್ಷರ ಕೈಯಲ್ಲಿರುವ ಅಧಿಕಾರವೆಷ್ಟು?

ಐರ್ಲೆಂಡಿನ ಅಧ್ಯಕ್ಷರನ್ನು ಏಳು ವರ್ಷಗಳ ಅವಧಿಗೆ ಜನರೇ ನೇರವಾಗಿ ಆರಿಸುತ್ತಾರೆ. ಆಡಳಿತ ಮಾತ್ರ ಪ್ರಧಾನಿಯದು. ಸರ್ಕಾರದ ಒಪ್ಪಿಗೆಯಿಲ್ಲದೆ ಅಧ್ಯಕ್ಷರು ಅಧಿಕಾರಾವಧಿಯಲ್ಲಿ ದೇಶ ಬಿಟ್ಟು ಹೋಗುವಂತೆಯೂ ಇಲ್ಲ. 1937ರ ಸಂವಿಧಾನ ಈ ಹುದ್ದೆಯನ್ನು ತಂದಾಗ, ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ಡಿ ವೆಲೆರಾ ಸರ್ವಾಧಿಕಾರಿಗೆ ಪೀಠ ಕಟ್ಟುತ್ತಿದ್ದಾರೆ ಎಂದು ವಿರೋಧಿಗಳು ಅಂಜಿದ್ದರು. 1938ರಲ್ಲಿ ಆ ಪೀಠಕ್ಕೆ ಬಂದವರು ಐರಿಷ್ ಭಾಷೆಯ ವಿದ್ವಾಂಸ ಡಗ್ಲಸ್ ಹೈಡ್, ಅದೂ ಅವಿರೋಧವಾಗಿ.

ಅಧ್ಯಕ್ಷರು ಸ್ವಂತ ವಿವೇಚನೆಯಿಂದ ಮಾಡಬಹುದಾದ ಕೆಲಸಗಳಲ್ಲಿ ಎರಡು ಮುಖ್ಯ. ಮೊದಲನೆಯದು 26ನೇ ವಿಧಿಯದು. ಮಸೂದೆ ಕೈಸೇರಿದ ಏಳು ದಿನದೊಳಗೆ, ಅದು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ತಿಳಿಯಲು ಸುಪ್ರೀಂ ಕೋರ್ಟಿಗೆ ಕಳಿಸಬಹುದು. ಅದಕ್ಕೆ ಮುನ್ನ ಸಲಹಾ ಮಂಡಳಿಯ ಮಾತು ಕೇಳಲೇಬೇಕು, ಒಪ್ಪಲೇಬೇಕೆಂದಿಲ್ಲ. ಹಣಕಾಸು ಮಸೂದೆ ಮತ್ತು ಸಂವಿಧಾನ ತಿದ್ದುಪಡಿಗಳಿಗೆ ಇದು ಅನ್ವಯಿಸದು. ಕೋರ್ಟು 60 ದಿನಗಳಲ್ಲಿ ತೀರ್ಪು ಕೊಡಬೇಕು. ತೊಡಕಿರುವುದು ಇದರ ಮುಂದೆ: ಕೋರ್ಟು ಮಸೂದೆಯನ್ನು ಎತ್ತಿಹಿಡಿದರೆ, ಆ ಕಾನೂನಿನ ಸಿಂಧುತ್ವವನ್ನು ಮುಂದೆ ಯಾವ ಪ್ರಜೆಯೂ ಪ್ರಶ್ನಿಸುವಂತಿಲ್ಲ. ಅನುಮಾನವಿದ್ದರೂ ಅಂಕಿತ ಹಾಕಿ, ನೊಂದವರು ಮುಂದೆ ಕೋರ್ಟಿಗೆ ಹೋಗಲಿ ಎಂದು ಬಿಡುವುದೇ ಕೆಲವೊಮ್ಮೆ ಜನರಿಗೆ ಹೆಚ್ಚು ರಕ್ಷಣೆ.

1976ರಲ್ಲಿ ಬ್ರಿಟಿಷ್ ರಾಯಭಾರಿಯ ಹತ್ಯೆಯ ನಂತರ, ಶಂಕಿತರನ್ನು ಏಳು ದಿನಗಳವರೆಗೆ ಬಂಧನದಲ್ಲಿಡಬಹುದಾದ ಮಸೂದೆ ಬಂತು. ಹಿಂದೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಧ್ಯಕ್ಷ ಕೆರ್‌ವಲ್ ಓ ಡಾಲಿ ಅದನ್ನು ಕೋರ್ಟಿಗೆ ಕಳಿಸಿದರು, ಕೋರ್ಟು ಎತ್ತಿಹಿಡಿದ ಮೇಲೆ ಸಹಿ ಹಾಕಿದರು. ಮಾಡಿದ್ದೆಲ್ಲವೂ ನಿಯಮದಂತೆಯೇ. ಆದರೆ ರಕ್ಷಣಾ ಸಚಿವರು ಸೇನಾ ನೆಲೆಯೊಂದರಲ್ಲಿ, ಸೈನಿಕರೆದುರೇ, ಅಧ್ಯಕ್ಷರನ್ನು ನಾಡಿಗೆ ಅವಮಾನವೆಂಬಂತೆ ಹಳಿದರು. ಅಧ್ಯಕ್ಷರೇ ಸೇನೆಯ ಸರ್ವೋಚ್ಚ ದಂಡನಾಯಕರೂ ಆಗಿರುವುದರಿಂದ ಇದು ಬರಿಯ ಒರಟು ಮಾತಾಗಿ ಉಳಿಯಲಿಲ್ಲ. ಪ್ರಧಾನಿ ಆ ಸಚಿವರನ್ನು ಕೈಬಿಡಲಿಲ್ಲ. ಅಕ್ಟೋಬರ್ 22ರಂದು ಓ ಡಾಲಿ ಪೀಠದ ಘನತೆ ಉಳಿಸಲು ರಾಜೀನಾಮೆ ಕೊಟ್ಟರು. ಸಂವಿಧಾನ ಅಧಿಕಾರ ಕೊಟ್ಟಿತ್ತು, ಅದನ್ನು ಬಳಸಿದವರ ಬೆನ್ನಿಗೆ ಸರ್ಕಾರ ನಿಲ್ಲಲಿಲ್ಲ.

ಎರಡನೆಯದು, ಬಹುಮತ ಕಳೆದುಕೊಂಡ ಪ್ರಧಾನಿ ಕೆಳಮನೆ ವಿಸರ್ಜಿಸಲು ಕೇಳಿದಾಗ ನಿರಾಕರಿಸುವ ಹಕ್ಕು. ಇದುವರೆಗೆ ಯಾರೂ ನಿರಾಕರಿಸಿಲ್ಲ. 1982ರ ಜನವರಿಯಲ್ಲಿ ಬಜೆಟ್ ಬಿದ್ದ ರಾತ್ರಿ, ವಿಸರ್ಜನೆ ಬೇಡವೆನ್ನಿ ಎಂದು ಒತ್ತಾಯಿಸಲು ವಿರೋಧ ಪಕ್ಷದಿಂದ ಅಧ್ಯಕ್ಷರ ನಿವಾಸಕ್ಕೆ ಕರೆಗಳು ಹೋದವು. ಪ್ಯಾಟ್ರಿಕ್ ಹಿಲರಿ ಮಣಿಯಲಿಲ್ಲ. ಎಂಟು ವರ್ಷಗಳ ಬಳಿಕ ಅದೇ ಕರೆಗಳು ಆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಬ್ರಯನ್ ಲೆನಿಹಾನ್‌ಗೆ ಮುಳುವಾದವು. ತಾವು ಕರೆ ಮಾಡಿರಲಿಲ್ಲ ಎಂದ ಅವರ ಮಾತಿಗೆ ಅವರದೇ ಧ್ವನಿಮುದ್ರಿಕೆ ಎದುರಾಗಿ ಸಚಿವ ಸ್ಥಾನ ಹೋಯಿತು. 1990ರ ಅಧ್ಯಕ್ಷೀಯ ಚುನಾವಣೆಯ ಮೊದಲ ಎಣಿಕೆಯಲ್ಲಿ ಅವರು ಶೇ 44ರಷ್ಟು ಪಡೆದು ಮುಂದಿದ್ದರೂ, ಶೇ 39ರಲ್ಲಿದ್ದ ಮೇರಿ ರಾಬಿನ್ಸನ್ ಮೂರನೆಯವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯಗಳಿಂದ ಗೆದ್ದು ಮೊದಲ ಮಹಿಳಾ ಅಧ್ಯಕ್ಷೆಯಾದರು. ನಮ್ಮಲ್ಲಿ 1969ರಲ್ಲಿ ವಿ.ವಿ. ಗಿರಿಯವರ ಗೆಲುವು ಖಚಿತವಾದದ್ದೂ ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆಯೇ. ಅವರು ಕಾನೂನು ಓದಿದ್ದು ಡಬ್ಲಿನ್ನಿನಲ್ಲಿ.

ಇವತ್ತಿನ ದೊಡ್ಡ ದೋಷ ಇರುವುದು ನಾಮಪತ್ರದಲ್ಲಿ. 35 ವರ್ಷ ತುಂಬಿದ ಪ್ರಜೆಗೆ 20 ಸಂಸದರ ಅಥವಾ ನಾಲ್ಕು ಸ್ಥಳೀಯ ಕೌನ್ಸಿಲುಗಳ ಬೆಂಬಲ ಬೇಕು. ಹಾಲಿ ಮತ್ತು ಮಾಜಿ ಅಧ್ಯಕ್ಷರು ಮಾತ್ರ ತಮ್ಮನ್ನು ತಾವೇ ಸೂಚಿಸಿಕೊಳ್ಳಬಹುದು. 2004ರಲ್ಲಿ ಬೇರೆ ಯಾರಿಗೂ ಬೆಂಬಲ ಸಿಗದೆ ಹಾಲಿ ಅಧ್ಯಕ್ಷೆ ಮೇರಿ ಮೆಕಲೀಸ್ ಮತದಾನವಿಲ್ಲದೆ ಮತ್ತೆ ಅಧ್ಯಕ್ಷೆಯಾದರು. 2025ರಲ್ಲಿ ಮತಪತ್ರದಲ್ಲಿದ್ದದ್ದು ಮೂರೇ ಹೆಸರು, ಅದರಲ್ಲೂ ಒಬ್ಬರು ಪ್ರಚಾರದ ನಡುವೆಯೇ ಹಿಂದೆ ಸರಿದಿದ್ದರು. ಕ್ಯಾಥರೀನ್ ಕಾನಲಿ ಭಾರಿ ಅಂತರದಿಂದ ಗೆದ್ದರು. ಆದರೆ ಚಲಾವಣೆಯಾದ ಮತಗಳಲ್ಲಿ ಸುಮಾರು ಶೇ 13 ಅಸಿಂಧುವಾದವು, ಅವುಗಳಲ್ಲಿ ಅನೇಕವನ್ನು ಮತದಾರರು ಬೇಕೆಂದೇ ಕೆಡಿಸಿದ್ದರು.